ಅಮ್ಮ ಒಗೆದ ಹಸಿರು ಬಟ್ಟೆ

ನಾಲ್ಕು ವರ್ಷ ನಾನು ಮಾಡಿದ ಘನಕಾರ್ಯವೆಂದರೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಿಂದ ತಂದ ಹತ್ತಿ ಬಟ್ಟೆಗೆ ವಿದ್ಯುತ್ ಹರಿಸುವ ಪಾಲಿಮರ್ ಬಳಿಯುವುದು. ಬಳಿದರೆ ಬಟ್ಟೆ ಕಡು ಹಸಿರಾಗುತ್ತದೆ, ಮೈಕ್ರೋವೇವ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಮುಂದೆ ಜನ ಇದನ್ನೇ ತೊಟ್ಟು ಓಡಾಡುತ್ತಾರೆಂದು ಪ್ರಬಂಧದ ಮೊದಲ ಪುಟದಲ್ಲೇ ಬರೆದಿದ್ದೆ. ಬರೆಯುವುದಕ್ಕೇನು!

ಬಟ್ಟೆ ಅಲೆಗಳನ್ನು ಎಷ್ಟು ಹೀರುತ್ತದೆಂದು ಅಳೆಯುವ ಯಂತ್ರ ನಮ್ಮ ಕಾಲೇಜಿನಲ್ಲಿರಲಿಲ್ಲ. ಬೇರೊಂದು ಲ್ಯಾಬಿನವರು ಕಾಯಿಸಿ ಕಾಯಿಸಿ ಒಂದು ಸೋಮವಾರ ಕೊಟ್ಟರು. ಅದು ತಪ್ಪಿದರೆ ಪಿಎಚ್.ಡಿ. ಇನ್ನೊಂದು ವರ್ಷ ಮುಂದಕ್ಕೆ. ಹಾಗಾಗಿ ಇದ್ದುದರಲ್ಲಿ ಚೆನ್ನಾದ ತುಂಡನ್ನು ಶನಿವಾರವೇ ಜಯನಗರದ ಮನೆಗೆ ತಂದು ಕುರ್ಚಿಯ ಮೇಲಿಟ್ಟೆ. ಹೊರಗಿನಿಂದ ಬಂದ ಬಟ್ಟೆ ನೀರು ಕಾಣದೆ ಒಳಗೆ ಕೂರುವಂತಿಲ್ಲ ಎಂಬ ನಮ್ಮ ಮನೆಯ ಮಡಿಯ ಕಾನೂನು ಮರೆತೇಹೋಗಿತ್ತು.

ಭಾನುವಾರ ಬೆಳಿಗ್ಗೆ ಅದು ಟೆರೇಸಿನ ತಂತಿಯ ಮೇಲೆ ನೀಲಿಯಾಗಿ ಒಣಗುತ್ತಿತ್ತು.

"ಸೋಪಿನ ಪುಡೀಲಿ ನೆನೆಹಾಕಿ ತಿಕ್ಕಿ ತಿಕ್ಕಿ ಒಗೆದಿದೀನಿ. ಆ ದರಿದ್ರ ಹಸಿರು ಹೋಗಿ ಎಷ್ಟು ಚೆನ್ನಾಗಾಯ್ತು ನೋಡೇ," ಎಂದಳು ಅಮ್ಮ.

ನೀಲಿ ಎಂದರೆ ಸೋಪಿನ ಕ್ಷಾರ ತಗುಲಿ ವಿದ್ಯುತ್ ಹರಿಯುವುದು ನಿಂತಿದೆ ಎಂದರ್ಥ.

"ಅಮ್ಮಾ, ಅದನ್ನ ಒಗೀಬಾರ್ದು!" ಎಂದು ಕಿರುಚಿದೆ. ಆಡಬಾರದ ಮಾತನ್ನೆಲ್ಲ ಆಡಿದೆ.

"ಬಟ್ಟೆ ಅಂದ್ಮೇಲೆ ಒಗೀಬಾರ್ದು ಅಂದ್ರೆ ಹಾಕ್ಕೊಳ್ಳೋರು ಯಾರೇ?" ಎಂದವಳು ಕಣ್ಣೊರೆಸಿಕೊಂಡು ಕೆಳಗಿಳಿದಳು.

ನಾಲ್ಕು ವರ್ಷದಲ್ಲಿ ನಾನಾಗಲಿ ನನ್ನ ಗೈಡ್ ಆಗಲಿ ಕೇಳಿಕೊಳ್ಳದ ಪ್ರಶ್ನೆ ಅದು.

ಬೇರೆ ದಾರಿಯಿಲ್ಲದೆ ಸೋಮವಾರ ನೀಲಿ ಬಟ್ಟೆಯನ್ನೇ ಒಯ್ದೆ. ಅಲೆಗಳು ಜರಡಿಯಲ್ಲಿ ನೀರು ಇಳಿದಂತೆ ದಾಟಿಹೋದವು. ಅಲ್ಲಿಯವರನ್ನು ಕಾಡಿ ಬೇಡಿ ಕ್ಷಾರ ಕಳೆಯಲು ಆಮ್ಲ ಪಡೆದು ಅದರಲ್ಲಿ ಅದ್ದಿ, ಒಣಗಿಸಿ, ಮತ್ತೆ ಅಳೆದೆ. ಹಸಿರು ಮರಳಿತ್ತು, ಹೀರುವ ಗುಣವೂ ಮುಕ್ಕಾಲು ಪಾಲು ಮರಳಿತ್ತು. ಪ್ರಬಂಧಕ್ಕೆ ಒಂದು ಹೊಸ ಅಧ್ಯಾಯವೇ ಸಿಕ್ಕಿತು. ಅಮ್ಮನಿಗೆ ಮಾತ್ರ ಅದನ್ನು ಹೇಳಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಅವಳು ರೇಷ್ಮೆ ಸೀರೆಯುಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಪರೀಕ್ಷಕರು ಮೊದಲು ಕೇಳಿದ್ದೇ, "ವಾಶ್ ಮಾಡಿದ್ರೆ ಏನಾಗುತ್ತೆ?"

"ಒಬ್ಬರು ಎಕ್ಸ್‌ಪರ್ಟ್ ಹತ್ರ ವಾಶ್ ಮಾಡಿಸಿ ನೋಡಿದೀವಿ ಸಾರ್," ಎಂದೆ, ಎಲ್ಲ ಮೊದಲೇ ಯೋಚಿಸಿಟ್ಟಿದ್ದ ಗತ್ತಿನಲ್ಲಿ. ಅವರು ಮೆಚ್ಚಿ ತಲೆದೂಗಿದರು.

ಎಲ್ಲ ಮುಗಿದ ಮೇಲೆ ಅಮ್ಮ ಮೈಸೂರು ಪಾಕಿನ ಡಬ್ಬ ಹಿಡಿದು ಎಲ್ಲರಿಗೂ ಹಂಚಿದಳು. ಆಮೇಲೆ ನನ್ನ ಹತ್ತಿರ ಬಂದು, "ಅದ್ಯಾರೋ ಎಕ್ಸ್‌ಪರ್ಟು ಅಂದ್ಯಲ್ಲ, ಅವರೊಬ್ಬರಿಗೆ ಕೊಟ್ಟಿಲ್ಲ ಕಣೇ. ಬಂದಿದಾರಾ?" ಎಂದಳು.

ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಡಬ್ಬದಿಂದ ಒಂದು ತುಂಡು ತೆಗೆದು ಅವಳ ಕೈಗೇ ಇಟ್ಟೆ.