ಮಗುಚಿಟ್ಟ ಮುಚ್ಚಳ

ಇಂಥ ಕತೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಮೊದಲು ನಕ್ಕು ಆಮೇಲೆ ವಾದಕ್ಕೆ ಇಳಿಯುವವಳು ನಾನು. ಚಿಕ್ಕಮ್ಮನಿಗೆ ಬಿದ್ದ ಕನಸು ನಿಜವಾಯಿತು, ಹಲ್ಲಿ ನುಡಿದದ್ದಕ್ಕೆ ಪ್ರಯಾಣ ನಿಂತಿತು ಎಂದೆಲ್ಲ ಮನೆಯಲ್ಲಿ ಮಾತು ಬಂದರೆ, ಆದದ್ದಕ್ಕೆ ಆಮೇಲೆ ಕಾರಣ ಹೊಂದಿಸಿದ್ದೀರಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ನೆಂಟರ ಬಾಯಲ್ಲಿ ಜಂಬದ ಹುಡುಗಿ ಎನ್ನಿಸಿಕೊಂಡಿದ್ದೇನೆ. ಅಂಥವಳೇ ಈಗ ಇದನ್ನು ಬರೆಯಲು ಕೂತಿದ್ದೇನಲ್ಲ ಎಂದು ನೀವು ನಕ್ಕರೆ ನನ್ನ ತಕರಾರಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಖಂಡಿತ ನಗುತ್ತಿದ್ದೆ.

ಚೆನ್ನೈನ ಕೀಲ್ಪಾಕಿನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲಿದೆ. ಉಡುಪಿ ಕಡೆಯಿಂದ ಬಂದ ಅಜ್ಜ ಶುರುಮಾಡಿದ್ದು, ಈಗ ಅಪ್ಪ ನಡೆಸುತ್ತಾರೆ. ಮನೆಯೂ ಅದರ ಮಹಡಿಯ ಮೇಲೆಯೇ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ತಮಿಳಿನಲ್ಲಿ ಉತ್ತರ ಕೊಡುತ್ತ ಬೆಳೆದೆ. ಬೇಸಗೆ ರಜೆಗಳಲ್ಲಿ ಅವರು ಹಠ ಹಿಡಿದು ಅಕ್ಷರ ತಿದ್ದಿಸದೇ ಹೋಗಿದ್ದರೆ ಇದನ್ನು ಬರೆಯಲೂ ಆಗುತ್ತಿರಲಿಲ್ಲ.

ನಮ್ಮ ಅಡುಗೆ ಭಟ್ಟರು ನಾನು ಹುಟ್ಟುವ ಮೊದಲಿನಿಂದ ಅಲ್ಲಿರುವವರು. ಅವರು ಮಾಡಿದ್ದನ್ನು ಅವರೇ ರುಚಿ ನೋಡುವುದಿಲ್ಲ. ದೇವರ ಮುಂದೆ ಇಡುವ ಮೊದಲು ನಾಲಿಗೆಗೆ ತಾಗಿಸಬಾರದು ಎನ್ನುವ ಊರಿನ ಪದ್ಧತಿಯನ್ನು ಹೋಟೆಲಿನಲ್ಲೂ ಬಿಟ್ಟವರಲ್ಲ. ಎಲ್ಲ ಕೆಲಸ ಮೂಗಿನದು. ಸಾಂಬಾರು ಕುದಿಯುವಾಗ ನಾಲ್ಕು ಹೆಜ್ಜೆ ದೂರ ನಿಂತು ಉಪ್ಪು ಸಾಲದು ಎನ್ನುತ್ತಿದ್ದರು, ಅದು ಸಾಲದೇ ಇರುತ್ತಿತ್ತು. ಯಾವುದಾದರೂ ಪಾತ್ರೆಯಲ್ಲಿ ಏನೋ ಸರಿಯಿಲ್ಲ ಎಂದು ಕಂಡರೆ ಅದರ ಮುಚ್ಚಳವನ್ನು ಮಗುಚಿ, ಹಿಡಿ ಕೆಳಗಾಗುವಂತೆ ಇಡುತ್ತಿದ್ದರು. ಹಾಗೆ ಇಟ್ಟರೆ ಅದನ್ನು ಬಡಿಸುವ ಹಾಗಿಲ್ಲ. ಧಣಿಗಳೂ ಮುಟ್ಟುವ ಹಾಗಿಲ್ಲ. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಭಟ್ಟರು ಮುಚ್ಚಳ ಮಗುಚಿ, ಅಪ್ಪ ಗಿರಾಕಿಗಳ ಮುಂದೆ ಕೈಮುಗಿದು ಹತ್ತು ನಿಮಿಷ ಕೇಳಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಆಮೇಲೆ ಆ ಕಾಯಿಲೆ ಬಂತು. ಊರಿಗೆಲ್ಲ ಬಂದ ಹಾಗೆ ಭಟ್ಟರಿಗೂ ಬಂತು. ಜ್ವರ ವಾರದಲ್ಲಿ ಬಿಟ್ಟಿತು, ಹೋದ ವಾಸನೆ ಮಾತ್ರ ವಾಪಸು ಬರಲಿಲ್ಲ. ಡಾಕ್ಟರು ಕೆಲವರಿಗೆ ತಡವಾಗುತ್ತದೆ ಎಂದರು. ತಿಂಗಳುಗಳು ಹೋದವು, ವರ್ಷವೂ ಹೋಯಿತು. ಒಂದು ದಿನ ಭಟ್ಟರು ತಾವಾಗಿಯೇ ಸೌಟನ್ನು ಕೈಕೆಳಗಿನವರಿಗೆ ಕೊಟ್ಟು, ಮೂಲೆಯಲ್ಲಿ ಮಣೆ ಹಾಕಿಕೊಂಡು ತರಕಾರಿ ಹೆಚ್ಚಲು ಕೂತರು. ದಿನಾ ಬೆಳಿಗ್ಗೆ ಅಪ್ಪ ಆಗ ತಾನೇ ಹುರಿದು ತಂದ ಕಾಫಿಪುಡಿಯನ್ನು ಅವರ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಭಟ್ಟರು ತಲೆಯಾಡಿಸುತ್ತಿದ್ದರು. ಅದನ್ನು ನೋಡಲಾರದೆ ನಾನು ಆ ಹೊತ್ತಿಗೆ ಕೆಳಗೆ ಇಳಿಯುತ್ತಿರಲಿಲ್ಲ.

ಇನ್ನು ನನ್ನ ವಿಷಯ. ಅಪ್ಪನ ನಂತರ ಹೋಟೆಲು ನಡೆಸುವ ಆಸೆ ನನಗೆ ಮೊದಲಿನಿಂದ ಇತ್ತು. ಆದರೆ ಅಪ್ಪನ ಹಾಗೆ ಅಂದಾಜಿನ ಮೇಲೆ ನಡೆಸುವುದು ನನಗೆ ಬೇಡವಾಗಿತ್ತು. ವ್ಯಾಪಾರವನ್ನು ಓದಿ ಕಲಿಯಬೇಕು, ಹೊರಗಿನ ಜಗತ್ತು ನೋಡಬೇಕು ಎಂದು ಜರ್ಮನಿಯ ಒಂದು ಕಾಲೇಜಿಗೆ ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಿದೆ. ಸೀಟು ಸಿಕ್ಕಿತು. ವೀಸಾ ಸಂದರ್ಶನದ ದಿನಾಂಕ ಮಾತ್ರ ಕಾದರೂ ಸಿಗದೆ, ಪಾಠ ಶುರುವಾಗಿಯೇ ಹೋಯಿತು. ಬೇಡಿಕೊಂಡ ಮೇಲೆ ಕಾಲೇಜಿನವರು ಸೀಟನ್ನು ಮುಂದಿನ ವರ್ಷಕ್ಕೆ ಹಾಕಿ ಹೊಸ ಪತ್ರ ಕಳಿಸಿದರು. ಇನ್ನೊಮ್ಮೆ ಮುಂದೂಡುವುದಿಲ್ಲ ಎಂದೂ ಬರೆದಿದ್ದರು. ಮರುವರ್ಷ ಹೇಗೋ ಒಂದು ದಿನಾಂಕ ಸಿಕ್ಕಿತು. ಅವತ್ತು ಕಾಗದದಲ್ಲಿ ಏನಾದರೂ ಕೊರತೆ ಕಂಡು ವಾಪಸು ಕಳಿಸಿದರೆ ಸೀಟು ಹೋದ ಹಾಗೆಯೇ.

ಆ ಬೆಳಿಗ್ಗೆ ಆರು ಗಂಟೆಗೆ ಫೈಲು ಹಿಡಿದು ಕೆಳಗಿಳಿದೆ. ಹೋಟೆಲು ಆಗಷ್ಟೇ ತೆರೆದಿತ್ತು. ಗಡಿಯಾರದ ಕೆಳಗಿನ ಮೇಜಿನ ಮೇಲೆ ಫೈಲು ಇಟ್ಟು ಕಾಫಿ ಕುಡಿದೆ. ನೀಲಿ ಬಣ್ಣದ ದಪ್ಪ ಫೈಲು, ಸುತ್ತ ಎಲಾಸ್ಟಿಕ್ ಪಟ್ಟಿ. ಸೀರೆ ಉಡೋಣವೇ ಸಲ್ವಾರ್ ಸಾಕೇ ಎಂದು ಮನಸ್ಸು ಬದಲಾಯಿಸಿ ಮತ್ತೆ ಮೇಲೆ ಹೋಗಿ ಬರಲು ಕಾಲು ಗಂಟೆ ಹಿಡಿದಿರಬೇಕು. ಬಂದು ನೋಡಿದರೆ ಮೇಜು ಒರೆಸುವ ಸೆಲ್ವಂ ಬಟ್ಟೆ ಹಿಡಿದುಕೊಂಡು ಅದರ ಮುಂದೆ ನಿಂತಿದ್ದಾರೆ. ಐವತ್ತು ದಾಟಿದ ಮನುಷ್ಯ, ಮುಖ ಹೆದರಿದ ಮಗುವಿನದಾಗಿತ್ತು.

“ಅಮ್ಮಾ, ಮೂಡಿ ತಿರುಪ್ಪಿ ವೆಚ್ಚಿರುಕ್ಕು,” ಎಂದರು, ಮುಚ್ಚಳ ಮಗುಚಿಟ್ಟಿದೆ ಎಂದು.

ನನ್ನ ಫೈಲಿನ ಮೇಲೆ ಸಾಂಬಾರಿನ ಪಾತ್ರೆಯ ದೊಡ್ಡ ಹಿತ್ತಾಳೆ ಮುಚ್ಚಳ. ಮಗುಚಿ ಇಟ್ಟಿತ್ತು.

ನನಗೆ ಪಿತ್ತ ನೆತ್ತಿಗೇರಿತು. ಹೊರಡುವ ಹೊತ್ತಿನಲ್ಲಿ ಇದೇನು ಹುಡುಗಾಟ ಎಂದು ಮುಚ್ಚಳ ತೆಗೆಯಲು ಕೈ ಹಾಕಿದೆ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅಪ್ಪ ಎದ್ದು ಬಂದು ನನ್ನ ಕೈ ಹಿಡಿದರು.

“ಮುಟ್ಟಬೇಡ ಮಗಾ. ಎಂತ ಉಂಟು ಅಂತ ಮೊದಲು ನೋಡು.”

“ಅಪ್ಪಾ, ಇದು ಫೈಲು. ಸಾಂಬಾರಲ್ಲ.”

“ಮುಚ್ಚಳ ಇಟ್ಟಾಯ್ತಲ್ಲ. ನೋಡದೆ ಹೊರಡುವ ಹಾಗಿಲ್ಲ.”

ಅಪ್ಪನ ಜೊತೆ ವಾದ ಮಾಡುವುದಕ್ಕಿಂತ ನೋಡಿ ಮುಗಿಸುವುದೇ ಬೇಗ ಎಂದು ಪಟ್ಟಿ ಬಿಚ್ಚಿದೆ. ಪಾಸ್‌ಪೋರ್ಟು, ಅಂಕಪಟ್ಟಿ, ವಿಮೆ, ಫೋಟೋ, ಪ್ರವೇಶ ಪತ್ರ. ವೀಸಾದವರು ಕೇಳಿದ್ದೆಲ್ಲ ಇತ್ತು. ಎರಡನೇ ಸಲ ನೋಡಿದೆ, ಇತ್ತು. ನೋಡಿದ್ರಾ ಎನ್ನುವ ಹಾಗೆ ಅಪ್ಪನ ಮುಖ ನೋಡಿದೆ. ಅವರು ಎದುರಿಗೆ ಕುರ್ಚಿ ಎಳೆದು ಕೂತು, “ತಲೆಬರಹ ಮಾತ್ರ ನೋಡಿದ್ದಲ್ವಾ ನೀನು? ಓದಿ ಹೇಳು,” ಎಂದರು. ಹಲ್ಲು ಕಚ್ಚಿಕೊಂಡು ಒಂದೊಂದನ್ನೇ ಗಟ್ಟಿಯಾಗಿ ಓದುತ್ತ ಹೋದೆ. ಪ್ರವೇಶ ಪತ್ರದ ಎರಡನೇ ಸಾಲಿಗೆ ಬಂದಾಗ ಓದುವುದನ್ನು ಬಿಟ್ಟು ಕಾಗದವನ್ನು ಕಣ್ಣಿನ ಹತ್ತಿರ ತಂದೆ. ಪಾಠ ಶುರುವಾಗುವ ವರ್ಷ ಎಂದು ಅದರಲ್ಲಿದ್ದದ್ದು ಹಿಂದಿನ ವರ್ಷ.

ಅದು ಹಳೆಯ ಪತ್ರ. ಅದೇ ಕಾಲೇಜು, ಅದೇ ಮುದ್ರೆ, ಅದೇ ಸಹಿ. ಲ್ಯಾಪ್‌ಟಾಪಿನಲ್ಲಿ ಹಳೆಯದನ್ನೂ ಹೊಸದನ್ನೂ ಹೆಚ್ಚುಕಡಿಮೆ ಒಂದೇ ಹೆಸರಿನಲ್ಲಿ ಇಟ್ಟುಕೊಂಡು ಹಳೆಯದನ್ನು ಪ್ರಿಂಟ್ ತೆಗೆಸಿದ್ದೆ. ಅಂದಾಜಿನ ಮೇಲೆ ನಡೆಸುವುದಿಲ್ಲ ಎಂದು ಅಪ್ಪನಿಗೆ ಪಾಠ ಹೇಳಿದ ಜಾಣೆಯ ಕೆಲಸ ಇದು.

ಮೆಡಿಕಲ್ ಕಾಲೇಜಿನ ಹತ್ತಿರ ವಿದ್ಯಾರ್ಥಿಗಳಿಗಾಗಿ ಬೇಗ ತೆರೆಯುವ ಒಂದು ಜೆರಾಕ್ಸ್ ಅಂಗಡಿ ಇದೆ. ಅಪ್ಪನ ಸ್ಕೂಟರಿನಲ್ಲಿ ಅಲ್ಲಿಗೆ ಓಡಿ, ಫೋನಿನಿಂದ ಹೊಸ ಪತ್ರವನ್ನು ಕಳಿಸಿ ಪ್ರಿಂಟ್ ತೆಗೆಸಿ, ವರ್ಷವನ್ನು ಮೂರು ಸಲ ಓದಿ ಫೈಲಿಗೆ ಸೇರಿಸಿದೆ. ಹೊರಡುವ ಮುಂಚೆ ಅಡುಗೆಮನೆಗೆ ನುಗ್ಗಿದೆ. ಭಟ್ಟರು ಬೂದುಗುಂಬಳ ಹೆಚ್ಚುತ್ತಿದ್ದರು.

“ಭಟ್ರೇ, ಮುಚ್ಚಳ ನೀವೇ ಇಟ್ಟದ್ದಾ?”

“ಹೌದು.”

“ಯಾಕೆ?”

ಅವರು ಚಾಕು ಕೆಳಗಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. “ಆ ಮೇಜಿನ ಹತ್ತಿರ ಹೋಗುವಾಗ ವಾಸನೆ ಬಂತು ಮಾರಾಯ್ತಿ. ಬೇಳೆ ಬೇಯದಿದ್ರೆ ಬರ್ತದಲ್ಲ, ಆ ಹಸಿ ವಾಸನೆ. ಎರಡು ವರ್ಷದ ಮೇಲೆ ಬಂತು. ಅಲ್ಲಿ ಪಾತ್ರೆ ಇಲ್ಲ, ಒಲೆ ಇಲ್ಲ. ಆದ್ರೂ ಕೈ ಸುಮ್ಮನೆ ಕೂರ್ಲಿಲ್ಲ.”

ಮೂಗು ವಾಪಸು ಬಂತು ಎಂದು ಅಪ್ಪ ಕಾಫಿಪುಡಿ ತರಲು ಓಡಿದರು. ಮೂಗಿನ ಹತ್ತಿರ ಹಿಡಿದರು. ಭಟ್ಟರು ಕಣ್ಣುಮುಚ್ಚಿ ಬಹಳ ಹೊತ್ತು ಎಳೆದುಕೊಂಡು, ಕೊನೆಗೆ ತಲೆಯಾಡಿಸಿದರು. ಏನೂ ಇಲ್ಲ.

ಸಂದರ್ಶನದಲ್ಲಿ ಎದುರಿಗೆ ಕೂತಿದ್ದ ಹೆಂಗಸು ನನ್ನ ಕಾಗದಗಳನ್ನು ಬೇಗಬೇಗ ಮಗುಚುತ್ತ ಹೋಗಿ ಪ್ರವೇಶ ಪತ್ರದಲ್ಲಿ ನಿಂತರು. ಎರಡನೇ ಸಾಲಿನ ಕೆಳಗೆ ಬೆರಳು ಎಳೆದು, ವರ್ಷದ ಹತ್ತಿರ ಒಂದು ಗೆರೆ ಹಾಕಿ ಮುಂದೆ ಹೋದರು. ಕೆಲವು ವಾರಗಳಲ್ಲಿ ವೀಸಾ ಬಂತು.

ನಾನು ಸುಮ್ಮನೆ ಒಪ್ಪಿಕೊಳ್ಳುವವಳಲ್ಲ ಎಂದು ಮೊದಲೇ ಹೇಳಿದ್ದೇನೆ. ಆ ಕಾಯಿಲೆಯಿಂದ ಮೂಗು ಕಳಕೊಂಡವರಿಗೆ ಇಲ್ಲದ ವಾಸನೆ ಬರುವುದುಂಟು ಎಂದು ಡಾಕ್ಟರು ಹೇಳಿದರು. ಅದನ್ನು ಒಪ್ಪುತ್ತೇನೆ. ಆದರೆ ಬರುವುದಿದ್ದರೆ ಅದೇ ಬೆಳಿಗ್ಗೆ, ಅದೇ ಮೇಜಿನ ಹತ್ತಿರ ಯಾಕೆ ಬರಬೇಕು? ಭಟ್ಟರು ಕಲಿತದ್ದು ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ. ಇಂಗ್ಲಿಷು ಬರುವುದಿಲ್ಲ. ಫೈಲು ಮುಚ್ಚಿತ್ತು, ಪಟ್ಟಿ ಹಾಕಿದ ಹಾಗೆಯೇ ಇತ್ತು. ಜರ್ಮನಿಯಲ್ಲಿ ಗುಣಮಟ್ಟ ನಿಯಂತ್ರಣದ ಪಾಠ ನಡೆಯುವಾಗ ಈ ಕತೆಯನ್ನು ಒಮ್ಮೆ ತರಗತಿಯಲ್ಲಿ ಹೇಳಿದೆ. ಎಲ್ಲರೂ ನಕ್ಕರು, ಚೆನ್ನಾಗಿತ್ತು. ಆ ಮುದುಕನಿಗೆ ಹೇಗೆ ಗೊತ್ತಾಯಿತು ಎಂದು ಒಬ್ಬ ಕೇಳಿದ.

ಪದವಿ ಮುಗಿಸಿ ಹೋದ ವರ್ಷ ವಾಪಸು ಬಂದೆ. ಟಿ. ನಗರದಲ್ಲಿ ಇನ್ನೊಂದು ಹೋಟೆಲು ತೆರೆಯುವುದು ಎಂದು ನಾನೂ ಅಪ್ಪನೂ ತೀರ್ಮಾನಿಸಿದೆವು. ಮಳಿಗೆಯ ಕರಾರು ಪತ್ರವನ್ನು ನಾನು ಒಂದೊಂದು ಸಾಲೂ ಬಿಡದೆ ಓದಿದ್ದೆ, ವಕೀಲರಿಗೂ ತೋರಿಸಿದ್ದೆ. ಆದರೂ ಸಹಿ ಹಾಕುವ ಬೆಳಿಗ್ಗೆ ಅದನ್ನು ಗಡಿಯಾರದ ಕೆಳಗಿನ ಮೇಜಿನ ಮೇಲಿಟ್ಟು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆ ಹಿತ್ತಾಳೆ ಮುಚ್ಚಳವನ್ನು ತಂದು ನಾನೇ ಅದರ ಮೇಲೆ ಮಗುಚಿಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ, ನಾಚಿಕೆಯಾಗುತ್ತದೆ.

ಭಟ್ಟರು ಬೆನ್ನು ಬಾಗಿಸಿಕೊಂಡು ಹೊರಗೆ ಬಂದರು. ಮೇಜಿನ ಹತ್ತಿರ ನಿಂತರು, ಒಮ್ಮೆ ಉಸಿರೆಳೆದುಕೊಂಡರು. ಮುಚ್ಚಳವನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು ಒಳಗೆ ಹೊರಟರು.

“ಭಟ್ರೇ, ವಾಸನೆ ಏನಾದ್ರೂ ಬಂತಾ?” ಎಂದು ಕೇಳಿದೆ.

“ಇಲ್ಲ,” ಎಂದರು. “ಅದಕ್ಕೇ ತೆಗೆದದ್ದು.”

ಮೂಗು ಸತ್ತಿದೆ ಎಂದರೋ, ಕಾಗದ ಬೆಂದಿದೆ ಎಂದರೋ ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಲು ಧೈರ್ಯವಾಗಲಿಲ್ಲ. ಪೆನ್ನು ತೆಗೆದು ಸಹಿ ಹಾಕಿದೆ.