ಉಂಡ ಮೇಲೆ ತಣ್ಣಗಾಗುವ ಕೈ

ನಮ್ಮ ಅತ್ತೆಯ ಕೈ ಉಂಡ ಮೇಲೆ ತಣ್ಣಗಾಗುತ್ತದೆ ಎಂಬುದು ನನಗೆ ಮೊದಲು ತಿಳಿದದ್ದು ಮಾನ್ವಿಯ ಮನೆಯಲ್ಲಿ, ಒಂದು ಬೇಸಿಗೆಯ ಮಧ್ಯಾಹ್ನ. ನಾನು ದೇವದುರ್ಗದಿಂದ ಆ ಮನೆಗೆ ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಂಗಳದ ಪರಶಿಗಲ್ಲಿನ ಮೇಲೆ ಬರಿಗಾಲು ಇಡಲಾಗದಂಥ ಬಿಸಿಲು. ಅವರು ಉಂಡ ಗಂಗಾಳ ಎತ್ತುವಾಗ ಬೆರಳಿಗೆ ಬೆರಳು ತಗುಲಿತು. ನೀರಿನ ಕೊಡದ ತಳ ಮುಟ್ಟಿದಂತಾಯಿತು. ಉಗುರುಗಳು ನೀಲಿಯಾಗಿದ್ದವು, ತುಟಿಯೂ ಹಾಗೆಯೇ. ಗೋಡೆಗೆ ಒರಗಿ ಕೂತಿದ್ದರು. ಕಣ್ಣು ತೆರೆದೇ ಇತ್ತು, ಆದರೆ ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಹಿಂದಿನ ತಲೆಬಾಗಿಲನ್ನು.

“ಸರಿದು ನಿಲ್ಲಬೇ,” ಅಂದರು. “ನಮ್ಮವ್ವ ಒಳಗ ಬರಾಕತ್ತಾಳ.”

ಅವರ ತಾಯಿ ತೀರಿಕೊಂಡದ್ದು ನನ್ನ ಮದುವೆಗಿಂತ ಎಷ್ಟೋ ಮೊದಲು. ಆದರೂ ನಾನು ಸರಿದು ನಿಂತೆ. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅತ್ತೆ ಮಾತ್ರ ಯಾರಿಗೋ ಜಾಗ ಕೊಡುವವರಂತೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಜರುಗಿದರು. ಸ್ವಲ್ಪ ಹೊತ್ತಿನ ಮೇಲೆ ಮುಖಕ್ಕೆ ಬಣ್ಣ ಮರಳಿತು. ಏನೂ ಆಗದವರ ಹಾಗೆ ಎದ್ದು ಕಾಲು ನೀವಿಕೊಂಡರು. ಇವತ್ತಿನ ಮಟ್ಟಿಗೆ ಉಳಿಸಿಕೊಟ್ಟೆಯಲ್ಲ ಶಿವನೇ ಎಂದು ನಾನು ಒಲೆಯ ಮುಂದೆಯೇ ಕೈಮುಗಿದೆ.

ಅವರ ಹೃದಯದ ಶಕ್ತಿ ಕುಂದಿದೆ ಎಂದು ರಾಯಚೂರಿನ ಡಾಕ್ಟರು ಮೊದಲೇ ಹೇಳಿದ್ದರು. ಕಾಲು ಬಾಯುತ್ತಿದ್ದವು, ನಾಲ್ಕು ಹೆಜ್ಜೆಗೆ ದಮ್ಮು ಬರುತ್ತಿತ್ತು. ಗುಳಿಗೆ ನುಂಗುತ್ತಿದ್ದರು, ಉಪ್ಪು ಬಿಟ್ಟಿದ್ದರು. ಬಿಡದೇ ಇದ್ದದ್ದು ಒಪ್ಪತ್ತಿನ ಊಟ. ಮಾವ ತೀರಿಕೊಂಡಾಗಿನಿಂದ ದಿನಕ್ಕೆ ಒಂದೇ ಸಲ, ಮಧ್ಯಾಹ್ನ, ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ಉಣ್ಣುವುದು. ಇಡೀ ದಿನದ ಹಸಿವು ಒಂದೇ ಗಂಗಾಳದಲ್ಲಿ: ರೊಟ್ಟಿ, ಪುಂಡಿಪಲ್ಯ, ಅನ್ನ, ಮಜ್ಜಿಗೆ. ನಮ್ಮಲ್ಲಿ ನೀಡಿದ್ದೆಲ್ಲ ಪ್ರಸಾದ, ಅಗುಳು ಬಿಡುವಂತಿಲ್ಲ. ಕಡೆಗೆ ಗಂಗಾಳ ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು.

ಆಮೇಲೆಯೂ ಉಂಡಾಗಲೆಲ್ಲ ಹೀಗೇ ಆಗತೊಡಗಿದಾಗ, ಬಾಗಿಲಿಗೆ ಬರುವವಳ ವಿಷಯವನ್ನು ಪಕ್ಕದ ಮನೆಯ ದೊಡ್ಡವ್ವನಿಗೆ ಹೇಳಿದೆ. ಆಕೆ ಗಲ್ಲಕ್ಕೆ ಕೈಹಚ್ಚಿದಳು.

“ಉಣ್ಣೂ ಹೊತ್ತಿಗೇ ಬರತಾಳಂದ್ರ ಹಸಗೊಂಡು ಬರತಾಳ, ತಿಳೀಲಿಲ್ಲೇನು? ಎಡಿ ಇಡು. ಇಟ್ಟ ಎಡಿ ಮತ್ತ ಚೆಲ್ಲಿಗಿಲ್ಲೀ, ಮಗಳೇ ಉಣ್ಣಬೇಕದು.”

ಅಮಾವಾಸ್ಯೆಗೆ ಹೋಳಿಗೆ ಮಾಡಿದೆ. ಸತ್ತವಳ ಹೆಸರಿನಲ್ಲಿ ಎಡೆ ಇಟ್ಟು, ಊದುಬತ್ತಿ ಹಚ್ಚಿ, ಆಮೇಲೆ ಅತ್ತೆಯ ಮುಂದೆ ಅವರದೊಂದು ಗಂಗಾಳ, ಎಡೆಯದೊಂದು ಗಂಗಾಳ ಇಟ್ಟೆ. ದಮ್ಮು ಬಿಡುತ್ತ ಬಿಡುತ್ತ ಎರಡನ್ನೂ ತೀರಿಸಿದರು. ತಾಯಿಯ ಪಾಲು, ಹೇಗೆ ಬಿಟ್ಟಾರು?

ಅವತ್ತು ಮಾತ್ರ ಅವಳು ಬಾಗಿಲಲ್ಲಿ ನಿಲ್ಲಲಿಲ್ಲ. ಅತ್ತೆಯ ಹಣೆಯಲ್ಲಿ ತಣ್ಣನೆಯ ಬೆವರು ಒಡೆಯಿತು. ಕುತ್ತಿಗೆ ವಾಲಿತು. ಆಮೇಲೆ ಎಳೆ ಹುಡುಗಿಯ ದನಿಯಲ್ಲಿ, “ಜಗ್ಗಬ್ಯಾಡಬೇ ಯವ್ವಾ, ನೋಯತದ,” ಅಂದರು. ಹಣಿಗೆಗೆ ಸಿಕ್ಕು ಸಿಕ್ಕಿದಾಗ ಹೇಗೋ ಹಾಗೆ ಅವರ ತಲೆ ಚೂರು ಚೂರೇ ಹಿಂದಕ್ಕೆ ಜಗ್ಗುತ್ತಿತ್ತು. ಅವರ ಹಿಂದೆ ಇದ್ದದ್ದು ಗೋಡೆ. ಊದುಬತ್ತಿಯ ಹೊಗೆ ಅಲುಗದೆ ನೆಟ್ಟಗೆ ಏಳುತ್ತಿತ್ತು. ನಾನು ಕೂಗಿದ ಕೂಗಿಗೆ ಹಿತ್ತಲಲ್ಲಿದ್ದ ನಮ್ಮವರು ಓಡಿ ಬಂದರು.

ಮರುದಿನ ಬಸ್ಸಿನಲ್ಲಿ ರಾಯಚೂರಿಗೆ ಹೋದೆವು. ಅತ್ತೆಯ ಮುಖ ನೋಡಿ ಕಂಡಕ್ಟರ್ ತನ್ನ ಸೀಟನ್ನೇ ಬಿಟ್ಟುಕೊಟ್ಟ, ಪುಣ್ಯಾತ್ಮ. ಡಾಕ್ಟರು ಎಲ್ಲ ಕೇಳಿ, ಕೈ ಒತ್ತಿ ನೋಡಿ, ನಮ್ಮವರ ಕಡೆ ತಿರುಗಿದರು.

“ನಿಮ್ಮ ಹೊಲ ಎಲ್ಲಿ ಅದ?”

“ಬಾಗಲವಾಡದ ಕಡಿಗ್ರಿ. ಕಾಲುವಿ ಕೊನಿಗೆ.”

“ಹಂಗಾದ್ರ ನಿಮಗ ಹೇಳೂದು ಸಲೀಸು. ಕಾಲುವ್ಯಾಗ ನೀರು ಕಮ್ಮಿ ಇದ್ದಾಗ ಮ್ಯಾಲಿನವರು ತೂಬು ಪೂರಾ ತಗದ್ರ ನಿಮಗೇನು ಮುಟ್ಟತದ?”

“ಮಣ್ಣು ಮುಟ್ಟತದ್ರಿ,” ಅಂದರು ನಮ್ಮವರು.

“ಹಂಗ ಇದು. ಉಂಡಕೂಡ್ಲೆ ಹೊಟ್ಟಿ ರಕ್ತ ಕೇಳತದ. ಗಟ್ಟಿ ಹೃದಯ ಇದ್ರ ಜೋರು ಹೊಡದು ಎಲ್ಲಾರಿಗೂ ಮುಟ್ಟಸತದ. ಯವ್ವಂದು ಸೋತದ, ಜೋರು ಹೊಡಿಯಾಕ ಬರೂದಿಲ್ಲ. ಹೊಟ್ಟಿಗೆ ಹೋತಂದ್ರ ಕೈಗೆ ಇಲ್ಲ, ತಲಿಗೆ ಇಲ್ಲ. ತಲಿಗೆ ಕಮ್ಮಿ ಬಿದ್ರ ಇಲ್ಲದವರೂ ಕಾಣತಾರ. ಸ್ವಲ್ಪ ಸ್ವಲ್ಪ, ಐದಾರು ಸಲ ಉಣ್ಣಸ್ರಿ. ನೀರೂ ಅಳತಿಲೇ ಕೊಡ್ರಿ.”

ಅತ್ತೆಗೆ ಸಿಟ್ಟು ಬಂತು. “ದಿನಾ ಪೂರ್ತಿ ಬಾಯಾಡಸಾಕ ನಾ ಏನು ಮ್ಯಾಕೀನೇನು? ಲಿಂಗಪೂಜಿ ಇಲ್ಲದ ಒಂದು ತುತ್ತು ಇಳ್ಯಾಂಗಿಲ್ಲ ನನಗ.”

ಹಾದಿಯುದ್ದಕ್ಕೂ ಅದೇ ಮಾತು. ಮಾನ್ವಿಯಲ್ಲಿ ಇಳಿಯುವಾಗ ನನ್ನ ಬಾಯಿಗೆ ಬಂತು: “ಹಂಗಾದ್ರ ಪೂಜಿನೂ ಐದಾರು ಸಲ ಆಗ್ಲಿ ಬಿಡ್ರಿ ಯವ್ವಾ. ದೇವರು ಬ್ಯಾಡಂತಾನೇನು?” ಮರುದಿನ ಬೆಳಿಗ್ಗೆಯೇ ಅವರು ವಿಭೂತಿ ಹಚ್ಚಿಕೊಂಡು ಕೂತು, ಸಣ್ಣ ಬಟ್ಟಲು ಮುಂದಕ್ಕೆ ಸರಿಸಿದರು. ನಾಲ್ಕು ತುತ್ತು ಜೋಳದ ಅಂಬಲಿ. ಬಟ್ಟಲು ತೊಳೆದ ನೀರು ಎಷ್ಟಾದೀತು, ಒಂದು ಗುಟುಕು. ಪ್ರಸಾದವೂ ಉಳಿಯಿತು, ಅವರೂ ಉಳಿದರು.

ಕೈ ಬೆಚ್ಚಗೆ ಇರತೊಡಗಿತು. ಬಾಗಿಲಿಗೆ ಯಾರೂ ಬರಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಕಾಲಿನ ಬಾವೂ ಇಳಿದಿತ್ತು.

ಶ್ರಾವಣದ ಒಂದು ಮಧ್ಯಾಹ್ನ ನಮ್ಮವರು ಹೊಲಕ್ಕೆ ಹೋಗಿದ್ದರು. ಅತ್ತೆ ಬಟ್ಟಲು ಸರಿಸಿ, ಮೂಲೆಯಲ್ಲಿದ್ದ ಗಂಗಾಳ ತೋರಿಸಿದರು.

“ಇವತ್ತ ಅದರಾಗ ನೀಡು. ಹೊಟ್ಟಿ ತುಂಬ.”

“ಯಾಕ್ರೀ ಯವ್ವಾ, ಹಸಿವಿ ಆಗ್ಯಾದೇನ್ರಿ?”

“ಹಸಿವಿ ಅಲ್ಲ. ನಮ್ಮವ್ವ ಬರವಲ್ಲಳು. ತುತ್ತು ಕಮ್ಮಿ ಮಾಡಿ ಆಕಿನ್ನ ಬರದಂಗ ಮಾಡೀರಿ ನೀವು.”

ನನ್ನ ಕೈಕಾಲೇ ತಣ್ಣಗಾದವು. ಡಾಕ್ಟರು ಹೇಳಿದ್ದನ್ನು ಅವರು ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು. ತಾಯಿಯ ಬಳಿ ಹೋಗುವ ಹಾದಿ ಒಂದು ಗಂಗಾಳದ ದೂರ, ಅಷ್ಟೇ. ಆ ಗಂಗಾಳ ತುಂಬಿಸುವ ಕೈ ನನ್ನದು.

“ನಾ ನೀಡಾಂಗಿಲ್ಲರೀ.”

“ಅತ್ತಿ ಯಾರು, ಸೊಸಿ ಯಾರು ಇಲ್ಲಿ?”

“ನೀವ ಅತ್ತಿ ರೀ. ಆದ್ರೂ ನೀಡಾಂಗಿಲ್ಲ.”

ಗೋಡೆಯ ಕಡೆ ಮುಖ ಮಾಡಿದರು. ನಾನು ಬಾಗಿಲಿಗೂ ಅವರಿಗೂ ನಡುವೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಬಟ್ಟಲು ಹಿಡಿದುಕೊಂಡೇ ಕೂತೆ. ಬಹಳ ಹೊತ್ತಿನ ಮೇಲೆ ತಿರುಗಿ, “ಜಿಪುಣಿ,” ಎಂದು ಬೈದು ಒಂದು ತುತ್ತು ತೆಗೆದುಕೊಂಡರು. ಆಮೇಲೆ ಇನ್ನೊಂದು. ಉಣ್ಣುತ್ತಲೇ ಕಣ್ಣೆತ್ತಿ ನನ್ನ ಹೆಗಲಾಚೆ ನೋಡಿದರು. ಬೆನ್ನ ಮೇಲಿದ್ದ ಬಿಸಿಲು ಆಗ ಒಮ್ಮೆಲೇ ಹೋಯಿತು, ಹೊಸ್ತಿಲಲ್ಲಿ ಯಾರೋ ಅಡ್ಡ ನಿಂತ ಹಾಗೆ. ಅತ್ತೆಯ ಎಡಗೈ ಹಿಡಿದೆ. ಬೆಚ್ಚಗಿತ್ತು. ಕೊನೆಯ ತುತ್ತು ಇಳಿಯುವವರೆಗೂ ಬಿಡಲಿಲ್ಲ. ಬಿಸಿಲು ಮತ್ತೆ ಬೆನ್ನಿಗೆ ಬಿತ್ತು. ಶ್ರಾವಣದ ಮೋಡವಿದ್ದರೂ ಇರಬಹುದು. ನಾನು ತಿರುಗಿ ನೋಡಲಿಲ್ಲ.