ಸಾಕು ಅನ್ನಬಾರದ ಮನೆ

ಇವತ್ತು ಬೆಳಗ್ಗೆ ಬೀಸಲು ಕೊಡೋಣವೆಂದು ಜೋಳದ ಚೀಲದೊಳಗೆ ಕೈ ಹಾಕಿದೆ ನೋಡಿ, ಕೈ ಬೆಚ್ಚಗಾಯಿತು. ನಿನ್ನೆಯಿಂದ ಹಿಡಿದಿರುವ ಕಾರ್ತಿಕದ ಮಳೆಯ ಎರಚಲು ಕಿಟಕಿಯಿಂದ ಒಳಗೆ ಬಂದು ಚೀಲದ ಒಂದು ಮಗ್ಗುಲನ್ನು ತೋಯಿಸಿಬಿಟ್ಟಿತ್ತು. ಹೊರಗೆ ಹಲ್ಲು ಕಟಕಟಿಸುವ ಥಂಡಿ, ಚೀಲದೊಳಗೆ ಮಾತ್ರ ಹಸುಗೂಸಿನ ಮೈಯಷ್ಟು ಕಾವು. ಮೂಗಿಗೆ ಹಿಡಿದೆ. ಅರ್ಧ ಹುಳಿ, ಅರ್ಧ ಮಣ್ಣು. ಕಿಟಕಿ ಮುಚ್ಚದೆ ಮಲಗಿದವಳು ನಾನೇ ಆದ್ದರಿಂದ ಬೈಯಲು ಯಾರೂ ಸಿಗಲಿಲ್ಲ. ಸುಮ್ಮನೆ ಅಲ್ಲೇ ಕುಳಿತು ಆ ವಾಸನೆಯನ್ನೇ ಇನ್ನೊಂದು ಸಲ ಎಳೆದುಕೊಂಡೆ.

ಇದು ಹಗೇವಿನ ವಾಸನೆ. ನೀವು ನೋಡಿರಲಿಕ್ಕಿಲ್ಲ, ಹೇಳುತ್ತೇನೆ. ಅಂಗಳದಲ್ಲಿ ಆಳೆತ್ತರಕ್ಕಿಂತ ಆಳವಾಗಿ ತೋಡಿದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ನಮ್ಮ ಊರಿನ ಕೆಲವು ಹಿರಿಯರ ಹಾಗಲ್ಲ, ಅವರದು ಎರಡೂ ದೊಡ್ಡವು. ಸುಗ್ಗಿಯಾದ ಮೇಲೆ ವರ್ಷದ ಜೋಳವನ್ನೆಲ್ಲ ಅದರೊಳಗೆ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಮುಗಿಯಿತು. ಹುಳವಿಲ್ಲ, ಇಲಿಯಿಲ್ಲ. ಅದಕ್ಕೆ ಇರುವುದು ಒಂದೇ ವೈರಿ, ನೀರು. ಆದರೆ ನೀರೇ ಇಲ್ಲದ ಸೀಮೆಯಲ್ಲಿ ನೀರಿಗೆ ಯಾರು ಹೆದರುತ್ತಾರೆ? ಕುಷ್ಟಗಿ ಕಡೆಯ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ನಮ್ಮ ಮನೆಯ ಹಗೇವು ಅತ್ತೆಯ ಅತ್ತೆಯ ಕಾಲದಿಂದಲೂ ಒಣಗಿಯೇ ಇತ್ತು.

ನಾನು ಹುಟ್ಟಿದ್ದು ಗಂಗಾವತಿ ಹತ್ತಿರದ ಮರಳಿಯಲ್ಲಿ. ಕಾಲುವೆಯ ಊರು. ಅಲ್ಲಿ ಮಕ್ಕಳು ನಡೆಯುವುದಕ್ಕಿಂತ ಮೊದಲು ಕೆಸರಿನಲ್ಲಿ ಬೀಳುವುದನ್ನು ಕಲಿಯುತ್ತವೆ. ನೀರು ಕಾಲುವೆಯಿಂದ ಬರುತ್ತದೆಂದು ನಂಬಿದ್ದ ನಮಗೆ ಆಕಾಶದಿಂದ ಬೀಳುವುದು ಒಂದು ಹೆಚ್ಚಿನ ಉಪದ್ರವ. ಅದೂ ದೀಪಾವಳಿ ದಾಟಿದ ಮೇಲೆ ನೆಲ್ಲು ತೆನೆ ಬಾಗಿ ಕೊಯ್ಲಿಗೆ ನಿಂತಿರುವಾಗ ಗಾಳಿಮಳೆ ಬಂತೆಂದರೆ ಪೈರೆಲ್ಲ ಮಲಗಿ, ತೆನೆ ನೀರಿನಲ್ಲೇ ಮೊಳಕೆ ಒಡೆಯುತ್ತಿತ್ತು. ಆಗ ಅಪ್ಪ ಪಡಸಾಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ. ಅವ್ವ ಒನಕೆಯನ್ನು ಅಂಗಳಕ್ಕೆ ಎಸೆದು, “ಸಾಕು, ಹೋಗಿನ್ನ!” ಎಂದು ಮಳೆಯನ್ನು ಗದರುತ್ತಿದ್ದಳು. ಮಳೆ ಹೋಗುತ್ತಿತ್ತೋ ಇಲ್ಲವೋ, ನಮಗೆ ಧೈರ್ಯ ಬರುತ್ತಿತ್ತು.

ಇಷ್ಟೇ ವಿದ್ಯೆ ಕಟ್ಟಿಕೊಂಡು ನಾನು ಗಂಡನ ಮನೆಗೆ ಬಂದೆ. ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು, ಮದುವೆಯಾಗಿ ಎಂಟು ತಿಂಗಳು. ನನ್ನವರು ಯಲಬುರ್ಗಾದ ಕಡೆ ಒಂದು ಶಾಲೆಯಲ್ಲಿ ಮಾಸ್ತರು, ಊರಿಗೆ ಬರುತ್ತಿದ್ದುದು ಶನಿವಾರಕ್ಕೆ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಮಣ್ಣಿನ ಮಾಳಿಗೆಯ ಆ ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ ಫಕೀರವ್ವ. ಐದಡಿಗೂ ಕಡಿಮೆ ಎತ್ತರ, ದನಿ ಮಾತ್ರ ಹೊಲದ ಆಚೆ ಬದುವಿಗೂ ಕೇಳಿಸುವಂಥದು. ಆ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಮೂಡಲ ದಿಕ್ಕು ಕಪ್ಪಾಗಿ, ಥಂಡಿ ಗಾಳಿ ಎದ್ದು, ಮಳೆ ಶುರುವಾಯಿತು. ನಾನು ಒಳ್ಳೆಯ ಸೊಸೆ ಎನ್ನಿಸಿಕೊಳ್ಳುವ ಉಮೇದಿನಲ್ಲಿ ಒಳಗೆ ಓಡಿದೆ, ಅತ್ತೆಯ ಒನಕೆಯನ್ನೇ ಎತ್ತಿ ಅಂಗಳಕ್ಕೆ ಒಗೆದೆ, ತವರಿನ ರಾಗದಲ್ಲೇ ಕೂಗಿದೆ: “ಸಾಕು, ಹೋಗಿನ್ನ!”

ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಬಂದರು.

“ಏನಂದಿಬೇ?”

“ಮಳಿಗೆ ಸಾಕು ಹೋಗು ಅಂದ್ನಿರಿ.”

ಅವರು ನನ್ನನ್ನು ಬೈಯಲಿಲ್ಲ. ಹಿಟ್ಟಿನ ಕೈಯಲ್ಲೇ ಮಳೆಯೊಳಗೆ ನಡೆದುಹೋಗಿ ಒನಕೆಯನ್ನು ಎತ್ತಿ, ಸೆರಗಿನಿಂದ ಒರೆಸಿ, ಆಕಾಶದ ಕಡೆ ಮುಖ ಮಾಡಿದರು. “ಹೊಸದಾಗಿ ಬಂದೈತಿ ಕೂಸು. ಕಾಲುವಿ ಕಡೀಂದ ಬಂದೈತಿ, ನಿನ್ನ ಕಿಮ್ಮತ್ತು ಗೊತ್ತಿಲ್ಲ ಅದಕ್ಕ. ಮನಸಿಗೆ ಹಚ್ಚಿಕೋಬ್ಯಾಡಪಾ ನನ್ನಪ್ಪ” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. “ಮಳಿ ಬಂದರ ಕೇಡಲ್ಲ, ಮಗ ಉಂಡರ ಕೇಡಲ್ಲ. ಹೊಲದಾಗ ಬಿಳಿಜೋಳ ಗೇಣುದ್ದ ಎದ್ದಾವು, ಬಾಯಿ ತಕ್ಕೊಂಡು ಕುಂತಾವು. ಈ ಮನ್ಯಾಗ ಯಾರೂ ಮಳಿಗೆ ಸಾಕು ಅನ್ನಂಗಿಲ್ಲ.”

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮಳೆ ಅತ್ತೆಯ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿತೋ, ನನ್ನದನ್ನೋ, ಮೂರು ದಿನ ಕದಲಲಿಲ್ಲ. ಮಾಳಿಗೆ ಸೋರಿತು. ಸೋರುವಲ್ಲಿ ಇಡಲು ಪಾತ್ರೆಗಳು ಮುಗಿದು, ನನ್ನ ಮದುವೆಯ ಹಂಡೆಯೂ ಕೆಲಸಕ್ಕೆ ಬಂತು. ಪಕ್ಕದ ಮನೆಯ ಯಮನಪ್ಪ ಗೋಣಿಚೀಲದ ಕೊಪ್ಪೆ ಹೊದ್ದು ತನ್ನ ಮಾಳಿಗೆಯ ಮೇಲೆ ಮಣ್ಣು ತುಳಿಯುತ್ತಾ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ: “ಫಕೀರವ್ವಾ, ನಿನ್ನ ಸೊಸಿ ಇನ್ನೊಮ್ಮಿ ಬೈತಾಳೇನು ಕೇಳು, ಇನ್ನೊಂದು ವಾರ ಹೊಡೀಲಿ!” ಅತ್ತೆ ನಗುತ್ತಿದ್ದರು. ಕೌದಿ ತೊಯ್ದರೂ ನಗು, ಒಲೆ ಹೊತ್ತದಿದ್ದರೂ ನಗು. ಇಂಥ ಜನರನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಾತ್ರ ನಗು ನಿಂತಿತು. ಅಂಗಳ ಕೆರೆಯಾಗಿತ್ತು. ನೀರು ಹೋಗಲು ಗೋಡೆಯ ಬುಡದಲ್ಲಿ ತೂಬು ಇರಲಿಲ್ಲವೇ ಎಂದರೆ ಇತ್ತು. ಆದರೆ ಈ ಕಡೆಯವರು ಸ್ವಾತಿ ಮಳೆ ಹೋದ ಮೇಲೆ ಆ ವರ್ಷದ ಮಳೆಯ ಲೆಕ್ಕವನ್ನೇ ಮುಗಿಸಿಬಿಡುತ್ತಾರೆ. ಚೇಳು ಬರುತ್ತವೆ, ಹಾವು ಬರುತ್ತವೆ ಎಂದು ತೂಬಿಗೆ ಕಲ್ಲು ಜಡಿದು, ಸುಣ್ಣ ಬೆಲ್ಲ ಕಲಸಿದ ಗಾರೆ ಮೆತ್ತಿಬಿಡುತ್ತಾರೆ. ಅತ್ತೆ ಅದನ್ನು ತಮ್ಮ ಕೈಯಾರೆ ಮೆತ್ತಿದ್ದರು, ಮೆತ್ತಿದ್ದನ್ನು ಓಣಿಗೆಲ್ಲ ತೋರಿಸಿದ್ದರು. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ಹಾರೆಯಿಂದ ಕುಟ್ಟಿದೆ. ಕೈಗೆ ಬೊಬ್ಬೆ ಬಂದವೇ ಹೊರತು ಗಾರೆ ಹಂದಲಿಲ್ಲ. ತಮ್ಮ ಕೆಲಸದ ಗಟ್ಟಿತನ ಕಂಡು ಅತ್ತೆಗೆ ಆ ಹೊತ್ತಿನಲ್ಲೂ ಒಳಗೊಳಗೆ ಹೆಮ್ಮೆಯಾಯಿತೆಂದು ನನ್ನ ಗುಮಾನಿ.

ಹಗೇವಿನ ಬಾಯಿ ಅಂಗಳದ ಮೂಲೆಯಲ್ಲಿ ತುಸು ಎತ್ತರಕ್ಕಿತ್ತು. ನೀರು ಅದಕ್ಕೆ ನಾಲ್ಕು ಬೆರಳು ದೂರ ಬಂದಿತ್ತು. ಒಳಗಿದ್ದುದು ಮುಂದಿನ ಸುಗ್ಗಿಯ ತನಕದ ನಮ್ಮ ರೊಟ್ಟಿ, ಅದನ್ನು ಬಿಟ್ಟರೆ ಮನೆಯಲ್ಲಿ ಎರಡು ಸೇರು ಹಿಟ್ಟು. ಅತ್ತೆ ಕಟ್ಟೆಯ ಮೇಲೆ ನಿಂತು ಹಗೇವನ್ನೇ ನೋಡುತ್ತಿದ್ದರು. ಈಗಲಾದರೂ ಸಾಕು ಎನ್ನುತ್ತಾರೆ ಎಂದುಕೊಂಡೆ. ಅವರು ಅನ್ನಲಿಲ್ಲ. “ಎಷ್ಟು ಬರತೀಯೋ ಬಾರಪಾ” ಎಂದು ಸಣ್ಣ ದನಿಯಲ್ಲಿ ಅಂದರು. ಅವರ ದನಿ ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನೀರಿನೊಂದಿಗೆ ಹೇಗೆ ವ್ಯವಹರಿಸಬೇಕೆಂಬುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಸೀರೆ ಕಚ್ಚೆ ಹಾಕಿದೆ. ಮೇವಿಗೆಂದು ಕಟ್ಟಿಟ್ಟಿದ್ದ ಜೋಳದ ಕಣಿಕೆಯ ಸಿವುಡುಗಳನ್ನು ಹಗೇವಿನ ಸುತ್ತ ಅಡ್ಡ ಹಾಕಿ, ಹೊಟ್ಟು ಕಲಸಿದ ಕೆಸರನ್ನು ಮೇಲಿಟ್ಟು ತುಳಿದೆ. ಗದ್ದೆಯ ಬದು ಕಟ್ಟುವುದು ಹೀಗೇ. ಅತ್ತೆ ಬುಟ್ಟಿಯಲ್ಲಿ ಹೊಟ್ಟು ತಂದು ಕೊಡುತ್ತಾ ಹೋದರು. ಬದು ನಿಂತಿತು, ಆದರೆ ನೀರೂ ಏರುತ್ತಲೇ ಇತ್ತು.

“ಅತ್ತಿ, ಗ್ವಾಡಿ ಒಡೀಬೇಕ್ರಿ” ಎಂದೆ. ಅದು ಅವರೂ ಮಾವನೂ ಸೇರಿ ಕಟ್ಟಿದ ಮಣ್ಣಿನ ಗೋಡೆ.

“ಗ್ವಾಡಿ ಹೋದರ ಹೋಗಲಿ. ಮನಿಗೆ ಬಂದದ್ದನ್ನ ಓಣಿಗೆ ಹ್ಯಾಂಗ ನೂಕೂದಬೇ?”

ಜೋಳ ಕೊಳೆಯುವುದರಲ್ಲಿದೆ, ಇವರಿಗೆ ಮಳೆಗೆ ಮರ್ಯಾದೆ ಕಡಿಮೆಯಾದೀತೆಂಬ ಚಿಂತೆ! ಅತ್ತೆ ಹಿತ್ತಲ ಕಡೆ ತಿರುಗಿ ನೋಡಿದರು. ಆಮೇಲೆ ಹಳೆಯ ದನಿ ಮರಳಿ ಬಂತು: “ಓಣಿ ಕಡೆ ಬ್ಯಾಡ. ಹಿತ್ತಲ ಕಡೆ ಒಡಿ. ಅಲ್ಲಿಂದ ಹೊಲಕ್ಕ ಕರಕೊಂಡು ಹೋಗೂಣು. ಬಂದವರನ್ನ ಹಿಂಗ ಕಳಿಸಬೇಕು.”

ಗುದ್ದಲಿ ಹಾಕಿದೆ. ನೆನೆದ ಗೋಡೆ ನಾಲ್ಕನೆಯ ಏಟಿಗೆ ಕುಸಿಯಿತು, ನೀರು ನನ್ನನ್ನೂ ಎಳೆದುಕೊಂಡೇ ನುಗ್ಗಿತು. ಕಣ್ಣು ಬಿಟ್ಟಾಗ ನಾನು ಹಿತ್ತಲಿನ ಬದನೆ ಮಡಿಯಲ್ಲಿ ಕುಳಿತಿದ್ದೆ. ನನ್ನ ಹಿಂದೆ ಚಪ್ಪಲಿಗಳು, ಮೊರ, ನಡುವೆ ಕಾವಿಗೆ ಕೂತ ಕೋಳಿಯ ಬುಟ್ಟಿ ತೇಲಿಬಂದವು. ಕೋಳಿ ತತ್ತಿ ಬಿಟ್ಟು ಏಳಲಿಲ್ಲ, ತಹಶೀಲ್ದಾರ ಜೀಪಿನಲ್ಲಿ ಕುಳಿತ ಹಾಗೆ ಎರಡೂ ಕಡೆ ನೋಡುತ್ತಾ ಸಾಗಿತು. “ಕೋಳಿ ಹೊಂಟೈತಿ! ಫಕೀರವ್ವಾ, ನಿನ್ನ ಕೋಳಿ ಹೊಲಾ ನೋಡಾಕ ಹೊಂಟೈತಿ!” ಎಂದು ಯಮನಪ್ಪ ಮಾಳಿಗೆಯ ಮೇಲೆ ಕುಣಿದಾಡಿದ. ಅತ್ತೆ ಸಲಿಕೆ ಹಿಡಿದು ನೀರಿನ ಮುಂದೆ ಮುಂದೆ ದಾರಿ ಕೊರೆಯುತ್ತಾ, “ಬಾ, ಈ ಕಡೆ ಬಾ, ಹಿಂಗ” ಎನ್ನುತ್ತಾ ಹೊಲದ ತನಕ ನಡೆದರು. ಮೈಯೆಲ್ಲ ಕೆಸರಾಗಿ, ಚಳಿಗೆ ನಡುಗುತ್ತಾ, ನಾವಿಬ್ಬರೂ ಬದುವಿನ ಮೇಲೆ ಹೊಟ್ಟೆ ಹಿಡಿದು ನಕ್ಕೆವು. ಅಂಥ ನಗು ನನಗೆ ಆಮೇಲೆ ಎಷ್ಟೋ ವರ್ಷ ಸಿಗಲಿಲ್ಲ.

ಮಳೆ ಬಿಟ್ಟ ಮೇಲೆ ಹಗೇವು ತೆಗೆಸಿದೆವು. ಕಲ್ಲು ಸರಿಸಿ, ಗಾಳಿಯಾಡಲು ಬಿಟ್ಟು, ಒಳಗೆ ಕೆಟ್ಟ ಗಾಳಿ ಇದೆಯೇ ಎಂದು ನೋಡಲು ಕಂದೀಲು ಇಳಿಸಿ, ಅದು ಆರಲಿಲ್ಲವೆಂದ ಮೇಲೆ ಯಮನಪ್ಪ ಒಳಗಿಳಿದ. ನಾವು ಬಾಯಿಯ ಸುತ್ತ ಬಗ್ಗಿ ನೋಡುತ್ತಿದ್ದೆವು. “ಮ್ಯಾಲಿಂದು ಗೇಣು ತೊಯ್ದೈತಿ. ಕೆಳಗ ಮುತ್ತು ಇದ್ದಂಗ ಐತ್ರಬೇ!” ಎಂದು ಕುಣಿಯೊಳಗಿಂದ ಕೂಗಿದ. ತೊಯ್ದ ಜೋಳ ಉಳಿಯುವಂಥದಲ್ಲ. ಅತ್ತೆ ಅವತ್ತೇ ಅದನ್ನೆಲ್ಲ ಹರವಿ, ಒಡೆಸಿ, ದೊಡ್ಡ ಗಡಿಗೆಯಲ್ಲಿ ನುಚ್ಚು ಕುದಿಸಿದರು. ಓಣಿಯ ಮಂದಿಯೆಲ್ಲ ಬಂದು ಮಜ್ಜಿಗೆ ಕಲಸಿಕೊಂಡು ಉಂಡರು. ಬಡಿಸುತ್ತಾ ಅತ್ತೆ ಎಲ್ಲರಿಗೂ ಹೇಳಿದರು: “ನಮ್ಮ ಮನಿಗೆ ಸೊಸಿ ಬಂದಾಳಂತ ತಿಳಕೊಂಡಿದ್ದೆ. ನೀರಗಂಟಿ ಬಂದಾಳ!” ಕಾಲುವೆಯ ನೀರು ಹಂಚುವವನಿಗೆ ನಮ್ಮ ಕಡೆ ಇರುವ ಹೆಸರು ಅದು. ಅಲ್ಲಿಂದ ಇಲ್ಲಿಯತನಕ ಈ ಊರಿನಲ್ಲಿ ನನ್ನ ನಿಜವಾದ ಹೆಸರು ಪಡಿತರ ಚೀಟಿಗೆ ಮಾತ್ರ ಗೊತ್ತು.

ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ಪೂರಾ ಈ ಕಡೆಯವಳಾಗಲಿಲ್ಲ. ಕಾರ್ತಿಕದ ಮೋಡಕ್ಕೆ ತಾಲೂಕಿನ ಗಡಿ ತಿಳಿಯದು. ಇಲ್ಲಿ ಸುರಿದರೆ ಮರಳಿಯಲ್ಲೂ ಸುರಿಯುತ್ತದೆ. ಇಲ್ಲಿ ಬಿಳಿಜೋಳ ತಲೆಯೆತ್ತುವ ಹೊತ್ತಿಗೇ ಅಲ್ಲಿ ತಮ್ಮನ ನೆಲ್ಲು ನೆಲಕ್ಕೆ ಮಲಗುತ್ತದೆ. ಇಲ್ಲಿ ಓಣಿಯವರು ಬೆಲ್ಲ ಹಂಚುತ್ತಾರೆ, ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ಅಪ್ಪ ತಲೆಯ ಮೇಲೆ ಕೈ ಹೊತ್ತದ್ದನ್ನು ನೆನೆಯುತ್ತೇನೆ. ಇಷ್ಟು ವರ್ಷ ಮಳೆ ಬಂದ ಪ್ರತಿ ಕಾರ್ತಿಕದಲ್ಲೂ ಈ ಮನೆಯಲ್ಲಿ ನಿಂತು ಮನಸ್ಸಿನೊಳಗೆ ಸಾಕು, ಸಾಕು ಅಂದಿದ್ದೇನೆ. ಬಾಯಿಬಿಟ್ಟು ಒಮ್ಮೆಯೂ ಅಂದಿಲ್ಲ. ಅತ್ತೆಗೆ ಗೊತ್ತಿಲ್ಲವೆಂದೇ ತಿಳಿದಿದ್ದೆ.

ಇವತ್ತು ಚೀಲದ ಜೋಳವನ್ನು ಪಡಸಾಲೆಯಲ್ಲಿ ಹರವುತ್ತಿದ್ದಾಗ ತಮ್ಮನ ಫೋನು ಬಂತು. ಕೊಯ್ಯುವ ಮಷಿನ್ನು ರಸ್ತೆಯ ಮೇಲೇ ನಿಂತಿದೆ, ಗದ್ದೆಗೆ ಇಳಿಯುವಂತಿಲ್ಲ. “ಅರ್ಧ ಮಲಗೇತಿ ಅಕ್ಕಾ. ಇವತ್ತು ಸಂಜಿಗೆ ಮಳಿ ಬಿಟ್ಟರ ಉಳೀತೈತಿ, ಇಲ್ಲಂದ್ರ ಇಲ್ಲ” ಎಂದ. ನಾನು ಹೂಂ ಹೂಂ ಅಂದು ಫೋನಿಟ್ಟೆ.

ಅತ್ತೆ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಈಗ ಅವರಿಗೆ ಎಂಬತ್ತರ ಹತ್ತಿರ. ಕಿವಿ ಮಂದ, ಬೇಕಾದದ್ದು ಮಾತ್ರ ಚೆನ್ನಾಗಿ ಕೇಳಿಸುತ್ತದೆ.

“ನಿಮ್ಮ ತಮ್ಮನ ನೆಲ್ಲು ಕೊಯ್ದಾರೇನಬೇ?”

“ಇಲ್ಲರಿ. ಮಲಗ್ಯಾವಂತ.”

ಅವರು ಗೋಡೆ ಹಿಡಿದು ಎದ್ದರು. ಬೇಡವೆಂದರೂ ಕೇಳದೆ ಹೊಸ್ತಿಲ ತನಕ ನಡೆದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬೊಗಸೆಯನ್ನು ಮಳೆಗೆ ಚಾಚಿದರು. “ಛಲೋ ಬಂದಿ. ನಮಗ ಭಾಳ ಆತು” ಎಂದರು. ಬೊಗಸೆಯ ನೀರನ್ನು ಕಣ್ಣಿಗೆ ಒತ್ತಿಕೊಂಡರು. “ಸಾಕಪಾ. ಆ ಕಡೆ ನೆಲ್ಲು ಮಲಗ್ಯಾವಂತ, ನಮ್ಮ ಹುಡುಗಿ ಅಳಾಕತ್ತಾಳ. ಇನ್ನ ಹೋಗಿ ಬಾ.”

ನಾನು ಅಳುತ್ತಿರಲಿಲ್ಲ. ಅವರು ಹೇಳಿದ ಮೇಲೆ ನನಗೆ ಅಳು ಬಂತು.

ತಿರುಗಿ ಬಂದು ಕಂಬಳಿಯೊಳಗೆ ಸೇರಿಕೊಂಡು, “ಯಾರ ಮುಂದೂ ಹೇಳಬ್ಯಾಡ ಮತ್ತ. ಯಮನಪ್ಪ ಕೇಳಿದರ ಸಾಯೂತನಕ ನಗತಾನ” ಎಂದರು. ಆಯಿತೆಂದು ತಲೆಯಾಡಿಸಿದೆ. ಮಳೆ ಒಮ್ಮೆಗೇ ನಿಲ್ಲಲಿಲ್ಲ, ತನ್ನ ಪಾಡಿಗೆ ಸುರಿಯುತ್ತಲೇ ಇದೆ. ಇಷ್ಟರಲ್ಲಿ ನಾನು ತಮ್ಮನಿಗೆ ಎರಡು ಸಲ ಫೋನು ಮಾಡಿದೆ. ಎರಡು ಸಲವೂ ನೆಲ್ಲು ಏನಾಯಿತೆಂದು ಕೇಳುವುದನ್ನು ಮರೆತು, ನಮ್ಮ ಅತ್ತೆ ಏನಂದರು ಗೊತ್ತೇನು ಎಂದೇ ಶುರುಮಾಡಿದೆ.